‘ಕರ್ನಾಟಕ’ದ ರಕಾರ ಎಲ್ಲಿದೆ?

ಹಾಸನದ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ನಮ್ಮ ಪಕ್ಕದ ಮನೆಯ ಹುಡುಗ, ಎರಡನೇ ಕ್ಲಾಸು, ಒಳಗೆ ತಿರುಗುತ್ತಿದ್ದ ಬಸ್ಸಿನ ಬೋರ್ಡು ನೋಡಿ ‘ಧರ್ಮಸ್ಥಳ!’ ಅಂತ ಕೂಗಿದ. ಅವನ ತಾಯಿಗೆ ಖುಷಿಯೋ ಖುಷಿ. ‘ನೋಡಿ ಮೇಷ್ಟ್ರೇ, ಕನ್ನಡ ಹೆಂಗೂ ಬತ್ತದೆ ಇವ್ನಿಗೆ. ಇಂಗ್ಲಿಷ್ ಒಂದು ಹಿಡ್ಕೊಂಡ್ಬಿಟ್ರೆ ಸಾಕು. ಫೋನಿಕ್ಸ್ ಕ್ಲಾಸಿಗೆ ಹಾಕ್ಬೇಕು ಅಂತಿದೀನಿ, ಏನಂತೀರಿ?’ ಎಂದು ಕೇಳಿದರು.

ಧರ್ಮಸ್ಥಳ ಸಾಮಾನ್ಯ ಪದವಲ್ಲ. ಮೊದಲಕ್ಷರವೇ ಮಹಾಪ್ರಾಣ. ಆಮೇಲೆ ಅರ್ಕಾವತ್ತು, ಆಮೇಲೆ ಸಕಾರಕ್ಕೆ ಥಕಾರದ ಒತ್ತು, ಕೊನೆಗೊಂದು ಳ. ಇದನ್ನು ನಿಜವಾಗಿ ಓದಬಲ್ಲ ಹುಡುಗ ಮೂರನೇ ಕ್ಲಾಸಿನ ಪುಸ್ತಕವನ್ನು ನೀರು ಕುಡಿದಂತೆ ಓದಬೇಕು. ಆಲೂರು ಕಡೆಯ ಶಾಲೆಗಳಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ಜೊತೆ ಬಹಳ ವರ್ಷ ಕೂತು ಎದ್ದವನಾದ್ದರಿಂದ ನನಗೆ ಅನುಮಾನ ಬಂತು. ಜೇಬಿನಲ್ಲಿದ್ದ ಚೀಟಿಯ ಹಿಂದೆ ‘ಚರ್ಮ’ ಎಂದು ಬರೆದು ತೋರಿಸಿದೆ. ಹುಡುಗ ಚ ನೋಡಿದ, ಮ ನೋಡಿದ, ಪಕ್ಕದಲ್ಲಿದ್ದ ಬಾಲದಂಥ ಗುರುತು ನೋಡಿದ. ಸ್ವಲ್ಪ ಯೋಚಿಸಿ ‘ಚಮರ’ ಅಂದ.

ಅವನು ಬೋರ್ಡನ್ನು ಓದಿರಲಿಲ್ಲ, ಗುರುತು ಹಿಡಿದಿದ್ದ. ಮನೆಯವರ ಜೊತೆ ನಾಲ್ಕಾರು ಸಲ ಧರ್ಮಸ್ಥಳಕ್ಕೆ ಹೋಗಿಬಂದಿದ್ದಾನೆ. ಆ ಬಸ್ಸಿನ ಬೋರ್ಡು ಅವನಿಗೆ ಅತ್ತೆಯ ಮುಖ ಇದ್ದ ಹಾಗೆ. ಆದರೆ ‘ಚಮರ’ ಅಂದಾಗ ಮಾತ್ರ ಅವನು ನಿಜವಾಗಿ ಓದಲು ಹೊರಟಿದ್ದ. ತಪ್ಪೇ ಆದರೂ ಅದು ಲೆಕ್ಕವಿದ್ದ ತಪ್ಪು: ಕಣ್ಣಿಗೆ ಕಂಡ ಕ್ರಮದಲ್ಲೇ ಸದ್ದು ಜೋಡಿಸಿದ. ಅರ್ಕಾವತ್ತು ಬರೆಯುವುದು ಮಕಾರದ ಆಚೆಗೆ, ಉಚ್ಚರಿಸುವುದು ಈಚೆಗೆ. ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ ಅಷ್ಟೆ. ಶಾಲೆಯ ನೋಟ್‌ಬುಕ್ಕಿನಲ್ಲಿ ‘ಕರ್ನಾಟಕ’ ಎಂದು ಎಷ್ಟು ಸಲ ಬರೆದಿದ್ದಾನೋ, ಅದರಲ್ಲಿ ರಕಾರ ಎಲ್ಲಿದೆ ಎಂದು ಕೇಳಿದರೆ ಬೆರಳಿಟ್ಟು ತೋರಿಸಲಾರ.

ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಈಗ ಮನೆಯ ಗೇಟಿಗೆ ‘ಫೋನಿಕ್ಸ್ ಕ್ಲಾಸ್’ ಬೋರ್ಡು ನೇತುಹಾಕಿರುವುದು ಕಾಣುತ್ತದೆ. ಮೊದಲು ಅಬ್ಯಾಕಸ್ ಇತ್ತು, ಅದರ ಹಿಂದೆ ಹ್ಯಾಂಡ್‌ರೈಟಿಂಗ್ ಇತ್ತು. ಈ ಸಲದ್ದು ಬರೀ ಶೋಕಿಯಲ್ಲ. ಅಕ್ಷರದ ಹೆಸರು ಬಿಟ್ಟು ಸದ್ದು ಹಿಡಿದು ಓದು ಕಲಿಸುವ ಈ ಫೋನಿಕ್ಸ್ ಹಿಂದೆ ಗಟ್ಟಿ ಸಂಶೋಧನೆ ಇದೆ. ನನ್ನ ತಕರಾರು ಬೇರೆ: ಅದು ಇಂಗ್ಲಿಷಿನ ರೋಗಕ್ಕೆ ಕೊಟ್ಟ ಮದ್ದು. ಕನ್ನಡ ಓದಿನ ಕಷ್ಟ ಬೇರೆ, ಅದಕ್ಕೆ ಬೇಕಾದ ಮದ್ದು ನಮ್ಮ ಮನೆಯಲ್ಲೇ ಇದೆ, ಮತ್ತು ನಾವು ಅದನ್ನು ಹಾಡು ಮಾಡಿ ಮೂಲೆಗಿಟ್ಟಿದ್ದೇವೆ.

ಮೊದಲು ಇಂಗ್ಲಿಷಿನ ಕಥೆ. ಅಲ್ಲಿ ಅಕ್ಷರಕ್ಕೆ ಹೆಸರೊಂದು, ಸದ್ದೊಂದು. ‘ಸೀ ಏ ಟೀ’ ಎಂದು ನೂರು ಸಲ ಹೇಳಿದರೂ ಅದರಿಂದ ‘ಕ್ಯಾಟ್’ ಹುಟ್ಟುವುದಿಲ್ಲ, ಯಾಕೆಂದರೆ ಆ ‘ಸೀ’ಯ ಒಳಗೆ ಕಕಾರವೇ ಇಲ್ಲ. ಹಾಗಾಗಿ ಹೆಸರು ಬಿಟ್ಟು ಸದ್ದನ್ನೇ ಮೊದಲು ಕಲಿಸಿ, ಸದ್ದುಗಳನ್ನು ಒಂದಕ್ಕೊಂದು ಕೂಡಿಸಿ ಪದ ಮಾಡಿಸುವುದು ಫೋನಿಕ್ಸ್. ಎ, ಬಿ, ಸಿ ಕ್ರಮ ಅಲ್ಲಿ ಇರುವುದಿಲ್ಲ. ಎಸ್, ಎ, ಟಿ, ಪಿ, ಐ, ಎನ್ ಈ ಆರನ್ನು ಮೊದಲು ಕೊಡುವುದು ರೂಢಿ. ಈ ಆರು ಅಕ್ಷರ ಬಂದರೆ ಸಾಕು, ಪಿನ್, ಟಿನ್, ಟ್ಯಾಪ್, ನ್ಯಾಪ್, ಸಿಟ್ ಎಂದು ಮಗು ಮೊದಲ ವಾರಗಳಲ್ಲೇ ಪದ ಓದಿಬಿಡುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಅಕ್ಷರ 26, ಸದ್ದು ಸುಮಾರು 44. ಸಮುದ್ರ ಎನ್ನುವ ‘ಸೀ’, ನೋಡು ಎನ್ನುವ ‘ಸೀ’, ನನಗೆ ಎನ್ನುವ ‘ಮೀ’, ಬೀಗದ ‘ಕೀ’: ನಾಲ್ಕರಲ್ಲೂ ಇರುವುದು ಒಂದೇ ಈಕಾರ, ಬರೆಯುವುದು ಮಾತ್ರ ನಾಲ್ಕು ಬಗೆ.

ಈ ಗೊಂದಲದಿಂದಾಗಿ ಇಂಗ್ಲಿಷ್ ದೇಶಗಳಲ್ಲಿ ಓದು ಕಲಿಸುವುದರ ಬಗ್ಗೆ ದಶಕಗಟ್ಟಲೆ ಜಗಳ ನಡೆದಿದೆ. ಒಂದು ಪಕ್ಷ, ಪದವನ್ನು ಇಡಿಯಾಗಿ ಗುರುತಿಸಲಿ, ಚಿತ್ರ ನೋಡಿ ಊಹಿಸಲಿ, ಒಳ್ಳೆಯ ಕಥೆ ಕೊಟ್ಟರೆ ಓದು ತಾನಾಗಿ ಬರುತ್ತದೆ ಎಂದಿತು. ಇನ್ನೊಂದು ಪಕ್ಷ, ಇಲ್ಲ, ಅಕ್ಷರಕ್ಕೂ ಸದ್ದಿಗೂ ಇರುವ ನಂಟನ್ನು ಬಿಡಿಸಿ, ಕ್ರಮವಾಗಿ ಕಲಿಸಬೇಕು ಎಂದಿತು. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಕೊಟ್ಟ ವರದಿ ಎರಡನೆಯ ಪಕ್ಷದ ಕಡೆ ವಾಲಿತು. ಇಂಗ್ಲೆಂಡಿನಲ್ಲಿ 2006ರಲ್ಲಿ ಜಿಮ್ ರೋಸ್ ವರದಿ ಬಂದು, ಶಾಲೆಗಳೆಲ್ಲ ಫೋನಿಕ್ಸ್‌ಗೆ ತಿರುಗಿದವು. 2012ರಿಂದ ಅಲ್ಲಿ ಮೊದಲ ವರ್ಷದ ಮಕ್ಕಳಿಗೆ 40 ಪದಗಳ ಪರೀಕ್ಷೆಯಿದೆ. ಅದರಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ, ಬೇಕೆಂದೇ ಹುಟ್ಟಿಸಿದವು. ನಮ್ಮ ಹುಡುಗ ಧರ್ಮಸ್ಥಳ ಓದಿದಂತೆ ಮುಖ ನೋಡಿ ಹೇಳುವವರು ಅಂಥ ಪದದ ಮುಂದೆ ಸಿಕ್ಕಿಬೀಳುತ್ತಾರೆ. ಜಾಣ್ಮೆಯಿಂದ ಮಾಡಿದ ಪರೀಕ್ಷೆ ಅದು. ಬೇಕಾದರೆ ನಾಳೆ ನಿಮ್ಮ ಮನೆಯ ಮಗುವಿಗೆ ‘ದಗರ’, ‘ಮಿಟೂಸ’ ಎಂದು ಬರೆದು ಕೊಟ್ಟು ನೋಡಿ.

2003ರಲ್ಲಿ ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು ಬಂತು. ಫಿಲಿಪ್ ಸೀಮೋರ್ ಮತ್ತು ಸಂಗಡಿಗರದ್ದು. ಶಾಲೆಯ ಮೊದಲ ವರ್ಷ ಮುಗಿಯುವ ಹೊತ್ತಿಗೆ ಫಿನ್ನಿಶ್, ಗ್ರೀಕ್, ಜರ್ಮನ್ ಮಕ್ಕಳು ಪರಿಚಿತ ಪದಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚನ್ನು ಸರಿಯಾಗಿ ಓದುತ್ತಿದ್ದರು. ಇಂಗ್ಲಿಷ್ ಓದುವ ಸ್ಕಾಟ್ಲೆಂಡಿನ ಮಕ್ಕಳು ಓದಿದ್ದು ನೂರಕ್ಕೆ 34. ಮಕ್ಕಳು ದಡ್ಡರಲ್ಲ, ಕಾಗುಣಿತವೇ ಹಾಗಿದೆ. ಇಷ್ಟು ಅಡ್ಡಾದಿಡ್ಡಿ ಬರವಣಿಗೆಯಿರುವ ಭಾಷೆಗೆ ಮಾಡಿದ ಪದ್ಧತಿಯನ್ನು ‘ಓದು ಕಲಿಸುವ ವಿಜ್ಞಾನ’ ಎಂದು ಜಗತ್ತಿಗೆಲ್ಲ ಒಂದೇ ಅಳತೆಯಲ್ಲಿ ಹೊಲಿದು ಕೊಡುತ್ತಿರುವುದೇ ಸಮಸ್ಯೆ.

ಇನ್ನು ಇದೇ ಫೋನಿಕ್ಸ್ ನಮ್ಮ ಊರಿಗೆ ಬಂದಾಗ ಏನಾಗುತ್ತದೆ ನೋಡಿ. ಕನ್ನಡದ ಬಾಯಿಗೆ ಕೊನೆಯಲ್ಲಿ ಬರೀ ವ್ಯಂಜನ ಒಗ್ಗುವುದಿಲ್ಲ. ಹಳಗನ್ನಡದ ಪಾಲ್, ಕಲ್, ಕಣ್ ನಮ್ಮ ಬಾಯಲ್ಲಿ ಹಾಲು, ಕಲ್ಲು, ಕಣ್ಣು ಆದವು. ಅದೇ ನಿಯಮ ಇವತ್ತಿಗೂ ಜೀವಂತವಾಗಿದ್ದು ಬಸ್ಸು, ಕಾರು, ಪೆನ್ನು, ಲೈಟು ಮಾಡುತ್ತಿದೆ. ಜೊತೆಗೆ ನಮ್ಮ ಲಿಪಿಯಲ್ಲಿ ‘ಟ’ ಎಂದು ಬರೆದರೆ ಅದರೊಳಗೆ ಅಕಾರ ಸೇರಿಕೊಂಡೇ ಇರುತ್ತದೆ. ಹೀಗಾಗಿ ಫೋನಿಕ್ಸ್ ಹೇಳಿಕೊಡುವ ಮಿಸ್ಸು ಕಾರ್ಡು ಎತ್ತಿ ಹಿಡಿದು ‘ಬ’, ‘ಆ್ಯ’, ‘ಟ’ ಅನ್ನುತ್ತಾರೆ. ಮಕ್ಕಳು ಒಕ್ಕೊರಲಿನಿಂದ ‘ಬ, ಆ್ಯ, ಟ’. ಈಗ ಕೂಡಿಸಿ ಅಂದರೆ ಏನು ಕೂಡಿಸುವುದು? ಮೂರೂ ಸ್ವರ ಸೇರಿದ ಪೂರ್ಣಾಕ್ಷರಗಳೇ. ಮಗುವಿನ ಬಾಯಲ್ಲಿ ‘ಬಯಾಟ’ ಬರುತ್ತದೆ. ಕೊನೆಗೆ ಮಿಸ್ಸೇ ‘ಬ್ಯಾಟ್’ ಎಂದು ಹೇಳಿಕೊಟ್ಟು, ಮಗು ಬಾಯಿಪಾಠ ಮಾಡಿಕೊಂಡು, ಮನೆಗೆ ಬಂದು ‘ಬ್ಯಾಟು’ ಅನ್ನುತ್ತದೆ. ಫೀಸು ಕಟ್ಟಿದ್ದು ಬಾಯಿಪಾಠ ತಪ್ಪಿಸುವುದಕ್ಕೆ, ಸಿಕ್ಕಿದ್ದು ಬಾಯಿಪಾಠವೇ. ವ್ಯಂಜನಕ್ಕೆ ಸ್ವರದ ಬಾಲ ಅಂಟಿಸಬಾರದೆಂದು ಇಂಗ್ಲೆಂಡಿನ ಶಿಕ್ಷಕರಿಗೂ ತರಬೇತಿಯಲ್ಲಿ ಎಚ್ಚರಿಸುತ್ತಾರೆ. ನಮಗಂತೂ ಆ ಎಚ್ಚರ ಎರಡು ಪಟ್ಟು ಬೇಕು. ಅದಿಲ್ಲದ ಫೋನಿಕ್ಸ್ ಕ್ಲಾಸು ಬಣ್ಣದ ಕಾರ್ಡಿನ ವ್ಯಾಪಾರ.

ತಮಾಷೆಯೆಂದರೆ ‘ಬ್’, ‘ಟ್’ ಎಂದು ಅರ್ಧಾಕ್ಷರ ಬರೆಯುವ ಅನುಕೂಲ ಇರುವುದು ಇಂಗ್ಲಿಷಿಗಲ್ಲ, ಕನ್ನಡಕ್ಕೆ. ಕ್ ಮತ್ತು ಅ ಸೇರಿ ಕ, ಕ್ ಮತ್ತು ಇ ಸೇರಿ ಕಿ. ಇಷ್ಟು ತಿಳಿದ ಮಗುವಿಗೆ ಇಂಗ್ಲಿಷ್ ಫೋನಿಕ್ಸಿನ ಮುಕ್ಕಾಲು ಪಾಲು ಮೊದಲೇ ಕಲಿತಂತೆ. ಆದರೆ ನಾವು ಇದನ್ನು ಕಲಿಸುವುದು ಎಷ್ಟೋ ವರ್ಷ ಆದಮೇಲೆ, ಮೇಲಿನ ತರಗತಿಯ ವ್ಯಾಕರಣದ ಪಾಠದಲ್ಲಿ, ಗುಣಿತಾಕ್ಷರದ ವ್ಯಾಖ್ಯೆಯಾಗಿ, ಎರಡು ಅಂಕದ ಪ್ರಶ್ನೆಗೆ.

ಕನ್ನಡದಲ್ಲಿ ಬರೆದಂತೆ ಓದು, ಓದಿದಂತೆ ಬರೆ, ಇದೇನು ಮಹಾ ಎಂದು ಹೇಳುವವರು ಬಹಳ. ಈ ಹೆಮ್ಮೆಯೇ ಮಕ್ಕಳಿಗೆ ಮುಳುವಾಗಿದೆ ಎಂದು ನನಗೆ ಅನಿಸಿದೆ. ಸುಲಭ ಎಂದುಕೊಂಡಿದ್ದಕ್ಕೆ ಯಾರೂ ಸಮಯ ಕೊಡುವುದಿಲ್ಲ. ಲೆಕ್ಕ ಹಾಕೋಣ. ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49. ಇದು ವರ್ಣಮಾಲೆ. ಆದರೆ ಪುಟದ ಮೇಲೆ ಮಗು ನೋಡುವುದು ವರ್ಣಮಾಲೆಯನ್ನಲ್ಲ. 34 ವ್ಯಂಜನಕ್ಕೂ 15 ಗುಣಿತ ಹಾಕಿದರೆ 510 ರೂಪ. ಅದರ ಮೇಲೆ ಒತ್ತಕ್ಷರ. ಇಂಗ್ಲಿಷ್ ಮಗುವಿಗೆ ಗುರುತು ಕಡಿಮೆ, ಗೊಂದಲ ಜಾಸ್ತಿ. ನಮ್ಮ ಮಗುವಿಗೆ ಗೊಂದಲ ಕಡಿಮೆ, ಗುರುತು ರಾಶಿ.

ಆ ರಾಶಿಯೂ ಒಂದೇ ತರಹ ಇಲ್ಲ. ‘ಕು’, ‘ತು’ಗಳಲ್ಲಿ ಕೊಂಬು ಬಲಕ್ಕೆ ನಿಲ್ಲುತ್ತದೆ, ‘ಪು’, ‘ವು’ಗಳಲ್ಲಿ ಕೆಳಗೆ ಇಳಿಯುತ್ತದೆ. ಯಾಕೆಂದರೆ ವಕಾರಕ್ಕೆ ಬಲದಲ್ಲೇ ಕೊಂಬು ಹಾಕಿದರೆ ಮಕಾರದಂತೆ ಕಾಣುತ್ತದೆ. ಮಕ್ಕಳು ಹಾಗೇ ಬರೆದು, ‘ಹೂವು’ ಹೋಗಿ ‘ಹೂಮ’ ಆಗಿರುವುದನ್ನು ನಾನು ಎಷ್ಟು ಸಲ ತಿದ್ದಿದ್ದೇನೋ. ಪ, ಷ, ಫ ಒಂದು ಗುಂಪು. ಬ, ಭ ಒಂದು. ರ, ಠ ಒಂದು. ಒಂದು ಚುಕ್ಕಿ, ಒಂದು ಸೀಳು, ಹೊಟ್ಟೆಯೊಳಗೊಂದು ಗೆರೆ, ಅಷ್ಟರಲ್ಲೇ ಸದ್ದು ಬದಲು. ಸೊನ್ನೆಯನ್ನು ನೋಡಿ: ಅಂಗಡಿಯಲ್ಲಿ ಒಂದು ಸದ್ದು, ಅಂಚೆಯಲ್ಲಿ ಇನ್ನೊಂದು, ಬಂಡಿಯಲ್ಲಿ ಮತ್ತೊಂದು, ತಂದೆ, ಕಂಬದಲ್ಲಿ ಬೇರೆ ಬೇರೆ. ಒಂದು ಗುರುತಿಗೆ ಐದು ಸದ್ದು. ಆದರೂ ಇದು ಯಾವ ಮಗುವಿಗೂ ತೊಂದರೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಮುಂದಿನ ಅಕ್ಷರ ಬಂದರೆ ಬಾಯಿ ತಾನೇ ಹೊಂದಿಕೊಳ್ಳುತ್ತದೆ.

ತೊಂದರೆ ಕೊಡುವುದು ಜಾಗ. ಬೇಲೂರು ತಾಲ್ಲೂಕಿನ ಹಲ್ಮಿಡಿಯನ್ನು ರಾಜ್ಯೋತ್ಸವದ ಭಾಷಣದಲ್ಲಿ ನೆನೆಯದವರಿಲ್ಲ. ಕ್ರಿ.ಶ. 450ರ ಸುಮಾರಿನ ಶಾಸನ ಸಿಕ್ಕ ಊರು. ಆ ಊರಿನ ಹೆಸರನ್ನೇ ಎರಡನೇ ಕ್ಲಾಸಿನ ಮಗುವಿನ ಮುಂದೆ ಇಡಿ. ‘ಲ್ಮಿ’ಯಲ್ಲಿ ಗುಡಿಸು ಕೂತಿರುವುದು ಲಕಾರದ ತಲೆಯ ಮೇಲೆ, ಮಕಾರ ಇರುವುದು ಕೆಳಗೆ. ಕಣ್ಣಿಗೆ ಕಾಣುವುದು ‘ಲಿ’ ಮತ್ತು ಅದರಡಿ ಒಂದು ‘ಮ’. ಹೇಳಬೇಕಾದದ್ದು ಮೊದಲು ಲ್, ಆಮೇಲೆ ಮಿ. ಅಂದರೆ ಮಗು ಮೇಲಿನ ಅಕ್ಷರದ ಸ್ವರವನ್ನು ಬಿಚ್ಚಿಕೊಂಡು, ಕೆಳಗಿಳಿದು, ಒತ್ತಿಗೆ ಅದನ್ನು ತೊಡಿಸಿ ಓದಬೇಕು. ನಾವು ದೊಡ್ಡವರು ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತೇವೆ, ಮಾಡುತ್ತಿದ್ದೇವೆಂಬುದೇ ಮರೆತುಹೋಗಿದೆ. ಮಗು ‘ಹಲಿಮಡಿ’ ಎನ್ನುತ್ತದೆ. ನಾವು ಗದರುತ್ತೇವೆ. ಅರ್ಕಾವತ್ತಿನದು ಇದಕ್ಕೆ ಉಲ್ಟಾ ಎಂದು ಆಗಲೇ ನೋಡಿದೆವು. ಅರಕಲಗೂಡು ಎಂದು ಬರೆದ ಬೋರ್ಡನ್ನು ಒಂದನೇ ಕ್ಲಾಸಿನವರೂ ಓದುತ್ತಾರೆ. ಅದೇ ಊರನ್ನು ‘ಅರ್ಕಲಗೂಡು’ ಎಂದು ಬರೆದರೆ ಮೂರನೆಯವರೂ ‘ಅಕರ...’ ಎಂದು ಶುರು ಮಾಡಿ ನಿಲ್ಲುತ್ತಾರೆ.

ಇದು ನನ್ನೊಬ್ಬನ ಅನುಭವವಲ್ಲ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿದೆ. ಅಕ್ಷರಗಳ ಕಲಿಕೆ ಒಂದನೇ ಕ್ಲಾಸಿಗೆ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತದೆ. ಒಂದೊಂದು ಬಿಡಿ ಧ್ವನಿಯನ್ನು ಪ್ರತ್ಯೇಕವಾಗಿ ಗುರುತಿಸುವ ಅರಿವು ಇನ್ನೂ ನಿಧಾನವಾಗಿ ಬರುತ್ತದೆ. ‘ಮರ’ವನ್ನು ಒಡೆ ಎಂದರೆ ಕನ್ನಡದ ಮಗು ‘ಮ, ರ’ ಎಂದು ಒಡೆಯುತ್ತದೆಯೇ ಹೊರತು ‘ಮ್, ಅ, ರ್, ಅ’ ಎಂದಲ್ಲ. ಅಂಥ ಅರಿವು ಇಲ್ಲದೆಯೂ ಕನ್ನಡ ಮಕ್ಕಳು ಚೆನ್ನಾಗಿ ಓದಬಲ್ಲರೆಂದು ಪಿ. ಪ್ರಕಾಶ್, ಪ್ರತಿಭಾ ಕಾರಂತ ಮೊದಲಾದವರು 1990ರ ದಶಕದಲ್ಲೇ ತೋರಿಸಿದ್ದರು. ಹಾಗಿದ್ದ ಮೇಲೆ ನಾಲ್ಕು ವರ್ಷ ಬೇಡುವ ಕೆಲಸವನ್ನು ಒಂದೂವರೆ ವರ್ಷದಲ್ಲಿ ‘ಬಂತು’ ಎಂದು ಕೈತೊಳೆದುಕೊಂಡರೆ ಏನಾಗುತ್ತದೋ ಅದೇ ಆಗುತ್ತಿದೆ.

ಕನ್ನಡದ ಫೋನಿಕ್ಸ್ ಯಾವುದು ಅಂದರೆ ಕಾಗುಣಿತ. ‘ಕಕ್ಕೆ ತಲಕಟ್ಟು ಕ, ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕಕ್ಕೆ ಕೊಂಬು ಕು...’ ನಮ್ಮಜ್ಜಂದಿರು ಹೇಳಿದ್ದು ಹೀಗೆ. ಗುರುತಿಗೆ ಹೆಸರು, ಗುರುತು ತರುವ ಸದ್ದು, ಎರಡೂ ಕೂಡಿದ ಅಕ್ಷರ, ಮೂರೂ ಒಂದೇ ಉಸಿರಿನಲ್ಲಿ. ಇದಕ್ಕಿಂತ ಚೊಕ್ಕ ಫೋನಿಕ್ಸ್ ಯಾವ ಭಾಷೆಯಲ್ಲಿದೆ? ಕಾಲಕ್ರಮದಲ್ಲಿ ತಲಕಟ್ಟು, ಇಳಿಗಳ ಹೆಸರು ಉದುರಿಹೋಗಿ ‘ಕ ಕಾ ಕಿ ಕೀ’ ಎಂಬ ರಾಗ ಮಾತ್ರ ಉಳಿಯಿತು. ಮಗು ರಾಗವನ್ನು ತಪ್ಪಿಲ್ಲದೆ ಹಾಡುತ್ತದೆ, ನಡುವಿನಿಂದ ‘ಕೊ’ ಒಂದನ್ನೇ ತೋರಿಸಿದರೆ ‘ಕ’ದಿಂದ ಹಾಡಿಕೊಂಡು ಬಂದು ನಿಲ್ಲುತ್ತದೆ. ಸುಪ್ರಭಾತದ ನಡುವಿನ ಸಾಲು ಕೇಳಿದರೆ ನಾವೂ ಹಾಗೇ ತಾನೆ ಮಾಡುವುದು.

ಗೋಡೆಯ ಮೇಲಿನ ಕಾಗುಣಿತದ ಚಾರ್ಟನ್ನು ನಾವು ಯಾವಾಗಲೂ ಅಡ್ಡಕ್ಕೇ ಓದಿಸುತ್ತೇವೆ. ಒಂದು ಮಳೆಗಾಲ, ಹೊರಗೆ ಆಡುವ ಹಾಗಿಲ್ಲದೆ, ಮಕ್ಕಳಿಗೆ ಬೇಜಾರಾಗಿದ್ದಾಗ ಸುಮ್ಮನೆ ಕೋಲನ್ನು ಮೇಲಿಂದ ಕೆಳಕ್ಕೆ ಇಳಿಸಿದೆ. ‘ಕಿ, ಗಿ, ಚಿ, ಜಿ, ಟಿ, ಡಿ...’ ರಾಗ ಕೈಕೊಟ್ಟಿತು. ಮಕ್ಕಳು ಮೊದಲ ಸಲ ಚಾರ್ಟು ನೋಡಿದರು. ನಾಲ್ಕೈದು ಅಕ್ಷರ ದಾಟುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸಾ, ಎಲ್ಲಾದ್ರ ತಲೆ ಮೇಲೂ ಅದೇ ಟೋಪಿ ಐತೆ, ಎಲ್ಲಾದ್ರಲ್ಲೂ ಇ ಅಂತ ಬತ್ತದೆ’ ಅಂದಳು. ನನಗೆ ಅದುವರೆಗೆ ಸಿಕ್ಕಿದ್ದ ಯಾವ ತರಬೇತಿಯೂ ಇಷ್ಟು ಹೇಳಿಕೊಟ್ಟಿರಲಿಲ್ಲ. ಅಡ್ಡಕ್ಕೆ ಓದಿದರೆ ಕಕಾರ ಕಲಿತಂತೆ, ಉದ್ದಕ್ಕೆ ಓದಿದರೆ ಇಕಾರ ಕಲಿತಂತೆ. ಗುಡಿಸು ಎಂದರೆ ಇ ಎಂದು ಒಮ್ಮೆ ಹೊಳೆದರೆ 34 ಅಕ್ಷರಕ್ಕೂ ಅದು ಹೊಳೆದಂತೆ. 510 ರೂಪಗಳ ರಾಶಿ 34 ಮತ್ತು 15ಕ್ಕೆ ಇಳಿಯುತ್ತದೆ.

ನಲಿ-ಕಲಿಯ ಮಾತು ಇಲ್ಲಿ ಬರಲೇಬೇಕು. ಮಕ್ಕಳು ಕಾರ್ಡು ಹಿಡಿದು, ಗುಂಪಿಗೊಂದು ತಟ್ಟೆಯ ಸುತ್ತ ಕೂತು ಕಲಿಯುವ ಪದ್ಧತಿ ಅದು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಬಂದು ಶುರು ಮಾಡಿದ್ದು. ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಅದು ಅ ಆ ಇ ಈ ಬಿಟ್ಟು ‘ರ ಗ ಸ ದ ಅ’ದಿಂದ ಶುರುವಾಯಿತು. ಊರಿನ ಅಜ್ಜಿಯರು ನನಗೆ ಹಾಕಿದ ಬೈಗುಳ ಒಂದೆರಡಲ್ಲ. ‘ಅ ಆ ಇ ಈ ಹೇಳ್ಕೊಡೋದು ಬಿಟ್ಟು ರಗಸದಅ ಅಂತೀರಲ್ಲ, ಅದ್ಯಾವ ಸೀಮೆ ವಿದ್ಯೆ?’ ಆದರೆ ಆ ಐದು ಅಕ್ಷರದಲ್ಲಿ ಏನೇನಿದೆ ನೋಡಿ: ಸರ, ಅರಸ, ಅಗಸ, ದಸರ, ಗರಗಸ. ಮುಂದಿನ ಗುಂಪು ‘ಜ ವ ಮ ಬ ನ’ ಸೇರಿದರೆ ಮರ, ಜನ, ಮಗ, ಬಸವ, ನಗರ, ಗಮನ, ಅವಸರ. ‘ಬಸವ ನಗರದ ಜನ’ ಎಂಬಷ್ಟು ಓದಲು ಒಂದು ಗುಣಿತವೂ ಬೇಕಿಲ್ಲ. ಇಂಗ್ಲಿಷ್ ಫೋನಿಕ್ಸಿನವರು ಆ ಆರು ಅಕ್ಷರಗಳಿಂದ ಮಾಡುವುದೂ ಇದನ್ನೇ. ವರ್ಣಮಾಲೆಯ ಕ್ರಮದಲ್ಲಿ ಹೋದರೆ ಅ, ಆ, ಇ, ಈ, ಉ, ಊ, ಋ ಕಲಿತರೂ ಮಗುವಿನ ಕೈಗೆ ಒಂದು ನೆಟ್ಟಗಿನ ಪದ ಸಿಗುವುದಿಲ್ಲ, ‘ಈ’, ‘ಆ’ ಬಿಟ್ಟರೆ.

ನಲಿ-ಕಲಿ ಎಡವಿದ್ದು ಕೊನೆಯ ಮೆಟ್ಟಿಲುಗಳಲ್ಲಿ. ಸರಳಾಕ್ಷರಗಳು ನಗುನಗುತ್ತಾ ಬರುತ್ತವೆ, ಗುಣಿತ ತಳ್ಳಿಕೊಂಡು ಬರುತ್ತದೆ, ಒತ್ತಕ್ಷರದ ಹೊತ್ತಿಗೆ ಮಗು ನಾಲ್ಕನೇ ಕ್ಲಾಸು. ಅಲ್ಲಿ ಕಾರ್ಡಿಲ್ಲ, ತಟ್ಟೆಯಿಲ್ಲ, ಪರಿಸರ ಅಧ್ಯಯನದ ಪಾಠದಲ್ಲಿ ‘ದ್ಯುತಿಸಂಶ್ಲೇಷಣೆ’ಯಂಥವು ಕಾಯುತ್ತಿರುತ್ತವೆ. ಮಲೆನಾಡಿನ ಸಣ್ಣ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಎಲ್ಲ ತರಗತಿಯನ್ನೂ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಆ್ಯಪಿನಲ್ಲಿ ಹಾಜರಿ ಎಲ್ಲ ಮುಗಿಸಿ ಒತ್ತಕ್ಷರಕ್ಕೆ ಬರಬೇಕು. ಬರುವುದೇ ಇಲ್ಲ ಎಂದರೆ ಅವರನ್ನು ದೂರುವಂತಿಲ್ಲ.

ಅಕ್ಷರಕ್ಕೂ ಸದ್ದಿಗೂ ನಂಟು ನೇರವಾಗಿದ್ದರೂ, ಆ ಸದ್ದಿಗೂ ಮಗು ಆಡುವ ಮಾತಿಗೂ ನಂಟು ನೇರವಲ್ಲ. ನಮ್ಮ ಕಡೆ ಊರಿನ ಹೆಸರೇ ಬಾಯಲ್ಲಿ ‘ಆಸ್ನ’. ಪುಸ್ತಕದಲ್ಲಿ ‘ಹೋಗುತ್ತಾರೆ’, ಮನೆಯಲ್ಲಿ ‘ಓಯ್ತಾರೆ’. ಮಗು ಹೋ, ಗು, ತ್ತಾ, ರೆ ಎಂದು ಒಂದೊಂದನ್ನೂ ಸರಿಯಾಗಿ ಹೇಳಿ, ಕೂಡಿಸಿ, ಅದು ಯಾವ ಮಾತೆಂದು ತಿಳಿಯದೆ ನಮ್ಮ ಮುಖ ನೋಡುತ್ತದೆ. ಮಹಾಪ್ರಾಣ ಬಹುತೇಕರ ಬಾಯಲ್ಲಿ ಇಲ್ಲವೇ ಇಲ್ಲ. ಧ ಮತ್ತು ದ ಮಗುವಿಗೆ ಒಂದೇ ಸದ್ದಿನ ಎರಡು ಚಿತ್ರ. ಆಡುಮಾತಿನಲ್ಲಿಲ್ಲದ ಈ ಅಕ್ಷರಗಳು ಕನ್ನಡ ಬರಹಕ್ಕೆ ಬೇಡವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದರು. ಅಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ. ಆದರೆ ಒಂದನೇ ಕ್ಲಾಸಿನಲ್ಲಿ ಅವುಗಳನ್ನು ಹಿಂದಕ್ಕೆ ತಳ್ಳಿದರೆ ಕನ್ನಡಾಂಬೆ ಮುನಿಸಿಕೊಳ್ಳಲಾರಳು.

ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಓದನ್ನು ಒಂದು ಗುಣಾಕಾರದ ಲೆಕ್ಕವಾಗಿ ಹೇಳಿದರು: ಅಕ್ಷರ ಬಿಡಿಸುವ ಶಕ್ತಿ ಗುಣಿಸು ಮಾತು ತಿಳಿಯುವ ಶಕ್ತಿ. ಕೂಡುವ ಲೆಕ್ಕ ಅಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳ ಲೈನ್ ಮನೆಗಳಿಗೆ ಈಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಸಂಸಾರಗಳಿವೆ. ಅವರ ಮಕ್ಕಳಲ್ಲಿ ಕೆಲವರು ನಮ್ಮ ಮಕ್ಕಳಿಗಿಂತ ಬೇಗ ಕಾಗುಣಿತ ಹಿಡಿಯುತ್ತಾರೆ. ‘ಗರಗಸ’ ಎಂದು ತಪ್ಪಿಲ್ಲದೆ ಓದುತ್ತಾರೆ, ಗರಗಸ ಎಂದರೇನೆಂದು ಗೊತ್ತಿಲ್ಲ. ಕಡೂರು, ಅರಸೀಕೆರೆ ಕಡೆಯ ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳದೂ ಮೊದಲ ವರ್ಷ ಇದೇ ಪಾಡು. ಇವರಿಗೆ ಅಕ್ಷರಕ್ಕಿಂತ ಮೊದಲು ಮಾತು ಬೇಕು. ಕಥೆ, ಹಾಡು, ಹರಟೆ, ಚಿತ್ರ ತೋರಿಸಿ ಹೆಸರು ಹೇಳಿಸುವುದು. ಇಷ್ಟರಲ್ಲಿ ಕಾಫಿ ಕೊಯ್ಲು ಮುಗಿದು, ಸಂಸಾರ ಇನ್ನೊಂದು ತೋಟಕ್ಕೆ ಹೋದರೆ ಆ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ಮೇಲಿನಿಂದ ಬರುವ ಗುರಿಗಳಿಗೆ ಇದೆಲ್ಲ ಕಾಣುವುದಿಲ್ಲ. 2021ರ ಜುಲೈನಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆ, 2026-27ರೊಳಗೆ ಮೂರನೇ ಕ್ಲಾಸು ಮುಗಿಸುವ ಪ್ರತಿ ಮಗುವಿಗೂ ಓದು, ಲೆಕ್ಕ ಬರಬೇಕು ಎಂದಿತು. ಅದರ ಪ್ರಕಾರ ಮೂರನೇ ಕ್ಲಾಸಿನ ಮಗು ನಿಮಿಷಕ್ಕೆ 60 ಪದ ಓದಬೇಕು. ಯಾವ ಭಾಷೆಯ ಪದ? ಇಂಗ್ಲಿಷಿನಲ್ಲಿ ನಾಲ್ಕೈದು ಸಣ್ಣ ಪದಗಳಲ್ಲಿ ಹೇಳುವುದನ್ನು ಕನ್ನಡ ‘ಹೋಗಬೇಕಾಗಿದ್ದರಿಂದ’ ಎಂದು ಒಂದೇ ಪದದಲ್ಲಿ ಮುಗಿಸುತ್ತದೆ. ಎಂಟು ಅಕ್ಷರ, ಅದರಲ್ಲೊಂದು ದ್ದ. 2022ರಲ್ಲಿ ಎನ್‌ಸಿಇಆರ್‌ಟಿ 20 ಭಾಷೆಗಳಲ್ಲಿ ಮೂರನೇ ಕ್ಲಾಸಿನ ಮಕ್ಕಳ ಓದಿನ ಅಧ್ಯಯನ ಮಾಡಿದಾಗ ಭಾಷೆಗೊಂದು ಬೇರೆ ಮಟ್ಟ ಗೊತ್ತುಮಾಡಿದ್ದು ಇದೇ ಕಾರಣಕ್ಕೆ. ಆ ತಿಳಿವಳಿಕೆ ತರಗತಿಯ ಬಾಗಿಲವರೆಗೆ ಬಂದಿಲ್ಲ. ಗಡಿಯಾರ ಹಿಡಿದು 60 ಎಣಿಸುವವರು ಮಾತ್ರ ಬಂದಿದ್ದಾರೆ. 2024ರ ಅಸರ್ ಗ್ರಾಮೀಣ ಸಮೀಕ್ಷೆಯಲ್ಲಿ, ದೇಶದ ಸರ್ಕಾರಿ ಶಾಲೆಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ನೂರಕ್ಕೆ 23.4. ಎರಡು ವರ್ಷದ ಹಿಂದೆ ಇದು 16.3 ಇತ್ತು. ಏರಿದ್ದು ನಿಜ. ನೂರಕ್ಕೆ 76ಕ್ಕೂ ಹೆಚ್ಚು ಮಂದಿ ಇನ್ನೂ ಈಚೆ ದಡದಲ್ಲೇ ಇರುವುದೂ ನಿಜ.

ಇಂಥ ಹೊತ್ತಿನಲ್ಲಿ ಎರಡನೇ ಲಿಪಿ ಬರುತ್ತದೆ. ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. 2019-20ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದರು, ಆಮೇಲೆ ದ್ವಿಭಾಷಾ ತರಗತಿಗಳು ಹೆಚ್ಚುತ್ತಾ ಬಂದವು. ನಾನು ಇಂಗ್ಲಿಷ್ ವಿರೋಧಿಯಲ್ಲ. ತೋಟದ ರೈಟರ್ ಮಗನಿಗೆ ಸಿಗುವ ಇಂಗ್ಲಿಷ್ ಆಳುಮಗನಿಗೂ ಸಿಗಲಿ. ಆದರೆ ಲಿಪಿಯ ತರ್ಕ ಒಂದರಲ್ಲಿ ಕುದುರುವ ಮೊದಲೇ ಇನ್ನೊಂದು ತರ್ಕವನ್ನು ಮೇಲೆ ಹೇರಿದರೆ ಮಗುವಿಗೆ ಎರಡೂ ಚಿತ್ರಗಳಾಗುತ್ತವೆ. ಬಸ್ಸಿನ ಬೋರ್ಡೂ ಚಿತ್ರ, ಬಿಸ್ಕತ್ತಿನ ಪೊಟ್ಟಣವೂ ಚಿತ್ರ. ಒಂದರಲ್ಲಿ ಗಟ್ಟಿಯಾಗಿ, ಮಾತಿನ ಇಂಗ್ಲಿಷನ್ನು ಜೊತೆಜೊತೆಗೆ ಕಿವಿಗೆ ಹಾಕುತ್ತಾ, ಇಂಗ್ಲಿಷಿನ ಅಕ್ಷರವನ್ನು ಒಂದು ವರ್ಷ ತಡವಾಗಿ ತಂದರೆ ಕಳೆದುಕೊಳ್ಳುವುದೇನೂ ಇಲ್ಲ. ತರುವಾಗ ಫೋನಿಕ್ಸ್‌ನಲ್ಲೇ ತನ್ನಿ, ‘ಸೀ ಏ ಟೀ’ ಬೇಡ. ಮಗುವಿಗೆ ಗೊತ್ತಿರುವ ಕ್, ಟ್‌ಗಳ ಮೂಲಕವೇ ತನ್ನಿ.

ಪಕ್ಕದ ಮನೆಯವರಿಗೆ ಇಷ್ಟೆಲ್ಲ ಹೇಳಲಿಲ್ಲ. ಬಸ್ಸು ಬಂದಿತ್ತು. ‘ಕ್ಲಾಸಿಗೆ ಹಾಕೋ ಮುಂಚೆ ಒಂದರ್ಧ ಗಂಟೆ ಹೊರಗೆ ನಿಂತು ಕೇಳಿ ತಾಯಿ. ಮಿಸ್ಸು ಟ್ ಅಂತಾರೋ, ಟ ಅಂತಾರೋ ನೋಡ್ಕೊಂಡು ಬನ್ನಿ’ ಎಂದಷ್ಟೇ ಅಂದೆ. ಹುಡುಗನಿಗೆ ಚೀಟಿಯ ಮೇಲೆ ‘ಚರ್ಮ’ದ ಪಕ್ಕ ‘ಚರಮ’ ಎಂದು ಬರೆದು, ರಕಾರದಿಂದ ಆ ಬಾಲಕ್ಕೆ ಒಂದು ಬಾಣ ಎಳೆದು ಕೊಟ್ಟೆ.

ವಾರ ಬಿಟ್ಟು ಕಾಂಪೌಂಡಿನ ಆಚೆಯಿಂದ ಕರೆದರು. ‘ಟ ಅಂತಲೇ ಅಂದ್ರು ಮೇಷ್ಟ್ರೇ. ಆದ್ರೆ ಫೀಸು ಮೊದ್ಲೇ ಕಟ್ಬಿಟ್ಟಿದ್ದೆ, ವಾಪಸ್ ಕೊಡಲ್ವಂತೆ.’ ಹುಡುಗ ಜಗಲಿಯ ಮೇಲೆ ಹಳೇ ಪೇಪರು ಹರಡಿಕೊಂಡು, ಪೆನ್ಸಿಲಿನಲ್ಲಿ ಅರ್ಕಾವತ್ತು ಕಂಡಲ್ಲೆಲ್ಲ ಹಿಂದಕ್ಕೆ ಬಾಣ ಎಳೆಯುತ್ತಾ ಕೂತಿದ್ದ. ‘ಕರ್ನಾಟಕ’ಕ್ಕೇ ಹನ್ನೊಂದು ಬಾಣ ಆಗಿವೆ ಅಂದ.